ದಿನಕ್ಕೆ ಎಷ್ಟು ನೀರು ಕುಡಿಯಬೇಕು? "20 ಕೆಜಿಗೆ 1 ಲೀಟರ್" ಬಿಟ್ಟು ಬೇರೆ ಲೆಕ್ಕ ಇದ್ದರೆ ಹೇಳಿ

#1 ಎಡದಂಡೆ_ಕಾಲುವೆ

ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಲೆಕ್ಕ: ತೂಕದ ಪ್ರತಿ 20 ಕೆಜಿಗೆ 1 ಲೀಟರ್. ಮೊಬೈಲ್ ಆ್ಯಪ್ ಬೇರೆ ಹೇಳುತ್ತೆ, ಯೂಟ್ಯೂಬ್ ವೈದ್ಯರು ಇನ್ನೊಂದು ಹೇಳ್ತಾರೆ. ಒಂದು ಮನೆಯ ನಾಲ್ಕು ಜನಕ್ಕೆ ಲೆಕ್ಕ ಬೇಕು. ರಾಯಚೂರು ಜಿಲ್ಲೆ, ಏಪ್ರಿಲ್-ಮೇ ಬಿಸಿಲು, ಬೋರ್‌ವೆಲ್ ನೀರು.

ಗಂಡಸು: 38 ವರ್ಷ, 72 ಕೆಜಿ, ಕಟ್ಟಡದ ಮೇಸ್ತ್ರಿ, ದಿನಕ್ಕೆ ಐದು ತಾಸು ನೇರ ಬಿಸಿಲು.
ಹೆಂಗಸು: 29 ವರ್ಷ, 58 ಕೆಜಿ, ಎದೆಹಾಲು ಕೊಡುತ್ತಿರುವ ಬಾಣಂತಿ, ಆಗಾಗ ಉರಿಮೂತ್ರ.
ಅಜ್ಜಿ: 74 ವರ್ಷ, 50 ಕೆಜಿ, ಬಿಪಿಗೆ ನೀರಿಳಿಸುವ ಮಾತ್ರೆ.
ಕೂಸು: 4 ತಿಂಗಳು.

"ಧಾರಾಳವಾಗಿ ಕುಡೀರಿ" ಅನ್ನೋ ಉಪದೇಶ ಬೇಡ. ಅಂಕಿ ಹೇಳಿ, ಅಳೆಯೋದು ಹೇಗೆ ಹೇಳಿ.

#2 ಆಹಾರತಜ್ಞೆ_ಹುಬ್ಬಳ್ಳಿ

ಮೊದಲು ಆ 20 ಕೆಜಿ ಲೆಕ್ಕವನ್ನು ಈ ಮನೆಗೇ ಹಾಕಿ ನೋಡಿ. ಮೇಸ್ತ್ರಿಗೆ 3.6 ಲೀಟರ್ ಬರುತ್ತೆ, ಮೇ ತಿಂಗಳ ಬಿಸಿಲಿಗೆ ಅದು ಸಾಲದು. ಅಜ್ಜಿಗೆ 2.5 ಲೀಟರ್ ಬರುತ್ತೆ, ಆ ಮಾತ್ರೆಯ ಜೊತೆಗೆ ಅದು ಜಾಸ್ತಿ. ಒಂದೇ ಸೂತ್ರ ಒಬ್ಬರಿಗೆ ಕಮ್ಮಿ ಹೇಳಿತು, ಇನ್ನೊಬ್ಬರಿಗೆ ಹೆಚ್ಚು ಹೇಳಿತು. ಕಾರಣ ಇಷ್ಟೇ: ನೀರಿನ ಅಗತ್ಯ ತೀರ್ಮಾನವಾಗುವುದು ತೂಕಕ್ಕಿಂತ ಹೆಚ್ಚಾಗಿ ಮೈಯಿಂದ ಹೊರಗೆ ಹೋಗುವ ನೀರಿನ ಮೇಲೆ.

ಹೊರಗೆ ಹೋಗುವುದು ಹೀಗೆ. ಮೂತ್ರ ಸಾಮಾನ್ಯವಾಗಿ 1ರಿಂದ 2 ಲೀಟರ್. ಬೆವರೇ ಬರದಿದ್ದರೂ ಚರ್ಮ ಮತ್ತು ಉಸಿರಿನಿಂದ 700-900 ಮಿಲಿ. ಮಲದಲ್ಲಿ 100-200 ಮಿಲಿ. ಇದರ ಮೇಲೆ ಬೆವರು: ಫ್ಯಾನಿನಡಿ ಕೂತವರಿಗೆ ನಗಣ್ಯ, ಬಿಸಿಲಲ್ಲಿ ದುಡಿಯುವವರಿಗೆ ತಾಸಿಗೆ ಅರ್ಧದಿಂದ ಒಂದೂವರೆ ಲೀಟರ್, ಕೆಲವರಿಗೆ ಅದಕ್ಕೂ ಹೆಚ್ಚು.

ಒಳಗೆ ಬರುವುದು ಬರೀ ಲೋಟದಿಂದಲ್ಲ. ತಿಂದದ್ದು ದೇಹದೊಳಗೆ ಉರಿದಾಗಲೇ ದಿನಕ್ಕೆ 250-350 ಮಿಲಿ ನೀರು ಹುಟ್ಟುತ್ತೆ. ಊಟದಲ್ಲಿ ಅಡಗಿರುವ ನೀರು ಇನ್ನೊಂದು ಅರ್ಧ ಲೀಟರಿನಿಂದ ಒಂದು ಲೀಟರ್.

ಈಗ ಪ್ರಕಟವಾದ ಅಂಕಿಗಳು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಕೊಟ್ಟದ್ದು ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟದ್ದು 2.5 ಮತ್ತು 2.0. ಇವೆರಡೂ ಊಟದ ನೀರು, ಚಹಾ, ಹಾಲು ಎಲ್ಲ ಸೇರಿದ ಒಟ್ಟು. ಆ್ಯಪ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ, 3.7 ಅನ್ನೋದನ್ನು ಪೂರಾ ಬಾಟಲಿಯಿಂದಲೇ ಕುಡಿಸೋಕೆ ನೋಡ್ತವೆ. ಸುಮಾರು 20% ಊಟಕ್ಕೆ ಬಿಟ್ಟರೆ ಕುಡಿಯುವುದು 3 ಲೀಟರ್ ಮತ್ತು 2.2 ಲೀಟರ್. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಹೇಳುವುದು ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್.

ನೆರಳಲ್ಲಿ ಕೆಲಸ ಮಾಡುವ ಆರೋಗ್ಯವಂತ ವಯಸ್ಕರಿಗೆ ನಾನು ಇಟ್ಟುಕೊಳ್ಳುವ ಆರಂಭದ ಅಂಕಿ: ಎಲ್ಲ ಪಾನೀಯ ಸೇರಿ ಹೆಂಗಸರಿಗೆ 1.6-2 ಲೀಟರ್, ಗಂಡಸರಿಗೆ 2-2.5 ಲೀಟರ್. ಅಲ್ಲಿಂದ ಮುಂದಕ್ಕೆ ಮೂತ್ರ ನೋಡಿ, ಬೆವರು ನೋಡಿ ಏರಿಸುವುದು ಇಳಿಸುವುದು.

#3 ಕೆರೆ_ಏರಿ

ಇಷ್ಟೆಲ್ಲ ಯಾಕೆ? ಬಾಯಾರಿದರೆ ಕುಡಿ, ಇಲ್ಲದಿದ್ದರೆ ಬಿಡು. 8 ಲೋಟದ ಕಥೆಗೆ ಪುರಾವೆಯೇ ಇಲ್ಲ ಅಂತ ಹೈಂಜ್ ವಾಲ್ಟಿನ್ ಅನ್ನೋ ಕಿಡ್ನಿ ತಜ್ಞ 2002ರಲ್ಲೇ ಪ್ರಬಂಧ ಬರೆದಿದ್ದಾರೆ. 1945ರ ಅಮೆರಿಕದ ಒಂದು ಶಿಫಾರಸು ಎರಡೂವರೆ ಲೀಟರ್ ಅಂತ ಹೇಳಿತ್ತು, ಅದರ ಮುಂದಿನ ಸಾಲಿನಲ್ಲೇ "ಇದರಲ್ಲಿ ಬಹುಪಾಲು ಆಹಾರದಲ್ಲೇ ಇದೆ" ಅಂತಲೂ ಇತ್ತು. ಜನ ಮೊದಲ ಸಾಲು ಓದಿ ಪುಸ್ತಕ ಮುಚ್ಚಿದರು.

"ಬಾಯಾರಿಕೆ ಆಗೋ ಹೊತ್ತಿಗೆ ಡಿಹೈಡ್ರೇಶನ್ ಆಗಿಬಿಟ್ಟಿರುತ್ತೆ" ಅನ್ನೋದೂ ಹಾಗೇ. ರಕ್ತದ ಸಾಂದ್ರತೆ 1-2% ಏರಿದರೂ ಸಾಕು, ಮೆದುಳು ಮೊದಲು ಮೂತ್ರ ಗಟ್ಟಿ ಮಾಡೋ ಹಾರ್ಮೋನು ಬಿಡುತ್ತೆ, ಆಮೇಲೆ ಬಾಯಾರಿಕೆ ಹುಟ್ಟಿಸುತ್ತೆ. ಹಾನಿ ಆಗೋದು ಅದಕ್ಕಿಂತ ಎಷ್ಟೋ ದೂರದಲ್ಲಿ.

#4 ಆಹಾರತಜ್ಞೆ_ಹುಬ್ಬಳ್ಳಿ

@ಕೆರೆ_ಏರಿ ಆರೋಗ್ಯವಂತ ಮಧ್ಯವಯಸ್ಕರು, ನೆರಳಿನ ಕೆಲಸ, ಕೈಗೆಟಕುವ ನೀರು, ಹತ್ತಿರ ಶೌಚಾಲಯ: ಇಷ್ಟಿದ್ದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಕೇಳಿದ ನಾಲ್ಕು ಜನರಲ್ಲಿ ಅಂಥವರು ಒಬ್ಬರೂ ಇಲ್ಲ. ಅಜ್ಜಿಗೆ ವಯಸ್ಸಿನಿಂದ ಬಾಯಾರಿಕೆ ಮಂದ. ಮೇಸ್ತ್ರಿಗೆ ಬೆವರಿನ ವೇಗಕ್ಕೆ ಬಾಯಾರಿಕೆ ಸಮ ಬರಲ್ಲ, ಸಂಜೆ ಮನೆಗೆ ಬಂದ ಮೇಲೆ ಗಟಗಟ ಕುಡಿದು ಸರಿ ಮಾಡ್ತಾರೆ. ಕಿಡ್ನಿ ಕಲ್ಲು ಅಥವಾ ಉರಿಮೂತ್ರ ಮರುಕಳಿಸುವವರು ಬಾಯಾರಿಕೆಗಿಂತ ಹೆಚ್ಚೇ ಕುಡಿಯಬೇಕು. ಇನ್ನು ಗಾರ್ಮೆಂಟ್ಸ್, ಬಸ್ಸು, ಶಾಲೆಗಳಲ್ಲಿ ಹೆಂಗಸರು, ಹೆಣ್ಣುಮಕ್ಕಳು ಶೌಚಾಲಯದ ಭಯಕ್ಕೆ ಬಾಯಾರಿಕೆಯನ್ನೇ ತಡೆದಿರ್ತಾರೆ. ಅಲ್ಲಿ "ಬಾಯಾರಿದರೆ ಕುಡಿ" ಅನ್ನೋದಕ್ಕೆ ಅರ್ಥವೇ ಇಲ್ಲ.

#5 ಸೈಟ್_ಸೇಫ್ಟಿ

ಮೇಸ್ತ್ರಿಯ ಲೆಕ್ಕ ನನ್ನ ವಿಷಯ. ಬೆವರಿನ ವೇಗ ಅಳೆಯೋಕೆ 50 ಅಥವಾ 100 ಗ್ರಾಂ ವರೆಗೆ ತೋರಿಸೋ ಡಿಜಿಟಲ್ ತೂಕದ ಯಂತ್ರ ಒಂದಿದ್ದರೆ ಸಾಕು.

ಕೆಲಸಕ್ಕೆ ಮುಂಚೆ ಮೂತ್ರ ಮಾಡಿ, ಒಳಉಡುಪಿನಲ್ಲಿ ತೂಗಿ. ಎರಡು ತಾಸು ಮಾಮೂಲಿ ಕೆಲಸ. ಆ ಹೊತ್ತಿನಲ್ಲಿ ಕುಡಿದದ್ದನ್ನು ಅಳತೆಯ ಬಾಟಲಿಯಿಂದಲೇ ಕುಡಿಯಿರಿ, ಏನೂ ತಿನ್ನಬೇಡಿ. ಆಮೇಲೆ ಮೈ ಒರೆಸಿಕೊಂಡು, ಬೆವರಿನ ಬಟ್ಟೆ ತೆಗೆದು ಮತ್ತೆ ತೂಗಿ. ಬಟ್ಟೆ ತೆಗೆಯೋದನ್ನು ಮರೆತರೆ ಲೆಕ್ಕ ಕೆಡುತ್ತೆ, ನೆನೆದ ಶರ್ಟು-ಪ್ಯಾಂಟಿನಲ್ಲೇ ಕಾಲು ಅರ್ಧ ಕೆಜಿ ಬೆವರು ಕೂತಿರುತ್ತೆ.

ಉದಾಹರಣೆ: ಮುಂಚೆ 72.4 ಕೆಜಿ, ಆಮೇಲೆ 71.5. ಇಳಿದದ್ದು 0.9. ನಡುವೆ ಕುಡಿದದ್ದು 750 ಮಿಲಿ. ಒಟ್ಟು ಬೆವರು 0.9 + 0.75 = 1.65 ಲೀಟರ್, ತಾಸಿಗೆ 825 ಮಿಲಿ. ನಡುವೆ ಮೂತ್ರಕ್ಕೆ ಹೋಗಿದ್ದರೆ ಅಷ್ಟನ್ನು ಕಳೆಯಬೇಕು.

ಐದು ತಾಸಿಗೆ ಸುಮಾರು 4.1 ಲೀಟರ್. ಇದಕ್ಕೆ ಮೇಲಿನ 2 ಲೀಟರ್ ಸೇರಿಸಿ: ಅಂಥ ದಿನಕ್ಕೆ 6 ಲೀಟರ್ ಹತ್ತಿರ. ಭಾನುವಾರ ಮನೆಯಲ್ಲಿದ್ದರೆ ಅದೇ ಮನುಷ್ಯನಿಗೆ 2.5 ಸಾಕು. ಹಾಗಾಗಿ "ದಿನಕ್ಕೆ ಇಷ್ಟು" ಅನ್ನೋ ಒಂದೇ ಅಂಕಿ ಇವರಿಗೆ ಇಲ್ಲ.

ಕುಡಿಯೋ ರೀತಿ: 15-20 ನಿಮಿಷಕ್ಕೆ ಒಂದು ಲೋಟ, 200-250 ಮಿಲಿ. ಯಾವ ಕಾರಣಕ್ಕೂ ತಾಸಿಗೆ 1.4 ಲೀಟರ್ ದಾಟಬಾರದು, ಅಮೆರಿಕದ ಕಾರ್ಮಿಕ ಸುರಕ್ಷತಾ ಮಾರ್ಗಸೂಚಿಯಲ್ಲೂ ಇದೇ ಮಿತಿ ಇದೆ. ಊಟದ ಬಿಡುವಿಗೆ ಒಂದೇ ಸಲ ಒಂದೂವರೆ ಲೀಟರ್ ಹೊಟ್ಟೆಗೆ ಸುರಿದರೆ ವಾಕರಿಕೆ ಬರುತ್ತೆ, ಅರ್ಧ ಮೂತ್ರವಾಗಿ ಹೋಗುತ್ತೆ, ಮಧ್ಯಾಹ್ನ ಮೂರಕ್ಕೆ ಮತ್ತೆ ಒಣಗಿರ್ತೀರಿ.

ಉಪ್ಪು. ಒಂದು ಲೀಟರ್ ಬೆವರಲ್ಲಿ ಸುಮಾರು 1 ಗ್ರಾಂ ಸೋಡಿಯಂ ಹೋಗುತ್ತೆ, ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಅರ್ಧವೂ ಇರಬಹುದು, ದುಪ್ಪಟ್ಟೂ ಇರಬಹುದು. ಕಪ್ಪು ಬನಿಯನ್ ಮೇಲೆ ಬಿಳಿ ಗೆರೆ ದಪ್ಪಗೆ ಮೂಡೋರು ಉಪ್ಪು ಜಾಸ್ತಿ ಕಳೆಯೋರು. 4 ಲೀಟರ್ ಬೆವರಿಗೆ ಬರೀ ನೀರು ತುಂಬಿದರೆ ಕಾಲಿನ ಮೀನಖಂಡ ಹಿಡಿಯೋದು, ತಲೆನೋವು ಶುರುವಾಗುತ್ತೆ. ಎರಡು ಹೊತ್ತು ಉಪ್ಪು ಹಾಕಿದ ನೀರು ಮಜ್ಜಿಗೆ, ಮಧ್ಯಾಹ್ನ ಸಾರು-ಉಪ್ಪಿನಕಾಯಿ ಇರುವ ಗಟ್ಟಿ ಊಟ ಇದ್ದರೆ ಹೆಚ್ಚಿನವರಿಗೆ ಸಾಕು. ಉಪ್ಪಿನ ಮಾತ್ರೆ ನುಂಗೋದು ಬೇಡ, ಹೊಟ್ಟೆ ಕೆಡುತ್ತೆ.

ಕೆಲಸಕ್ಕೆ ಹೊಸಬರಿಗೆ ಮೊದಲ 10-14 ದಿನ ಅಪಾಯ ಹೆಚ್ಚು. ಮೈ ಬಿಸಿಲಿಗೆ ಒಗ್ಗಿದ ಮೇಲೆ ಬೆವರು ಬೇಗ ಶುರುವಾಗುತ್ತೆ, ಜಾಸ್ತಿ ಬರುತ್ತೆ, ಅದರಲ್ಲಿ ಉಪ್ಪು ಮಾತ್ರ ಕಡಿಮೆ. ಅಂದರೆ ಒಗ್ಗಿದವರಿಗೆ ನೀರು ಕಡಿಮೆ ಸಾಕು ಅನ್ನೋದು ತಪ್ಪು ತಿಳಿವಳಿಕೆ.

#6 ಪಣಂಬೂರು_ಗಾಳಿ

ಕರಾವಳಿಯವರು #5ರ ಅಂಕಿ ಹಾಗೇ ಎತ್ತಿಕೊಳ್ಳಬೇಡಿ, ಅಳೆದೇ ನೋಡಿ. ಮಂಗಳೂರಲ್ಲಿ ಉಷ್ಣಾಂಶ 34 ಇದ್ದರೂ ತೇವಾಂಶಕ್ಕೆ ಬೆವರು ಆರದೆ ತೊಟ್ಟಿಕ್ಕುತ್ತೆ, ಮೈ ತಣ್ಣಗಾಗದೆ ಇನ್ನೂ ಬೆವರುತ್ತೆ. ರಾಯಚೂರಿನ ಒಣ ಗಾಳಿಯಲ್ಲಿ ಇದರ ಉಲ್ಟಾ: ಬೆವರು ಬಂದದ್ದೇ ಆರಿಹೋಗುತ್ತೆ, ಅಂಗಿ ಒಣಗೇ ಇರುತ್ತೆ, ಎಷ್ಟು ಕಳೆದೆ ಅನ್ನೋ ಅಂದಾಜೇ ಸಿಗಲ್ಲ. ಅಲ್ಲಿ ತಕ್ಕಡಿ ಇನ್ನೂ ಅಗತ್ಯ.

#7 ಗಿರಣಿ_ಓಣಿ

ಅಲ್ರೀ, ಊಟದಾಗಿನ ನೀರು 20% ಅಂದ್ರಿ. ಯಾರ ಊಟ? ಮುದ್ದಿ-ಸಾರು ಉಣ್ಣಾವಂದು ಬ್ಯಾರೆ, ಕಟಕ್ ರೊಟ್ಟಿ-ಶೇಂಗಾ ಚಟ್ನಿಪುಡಿ ಉಣ್ಣಾವಂದು ಬ್ಯಾರೆ.

ಲೆಕ್ಕಾ ಹಾಕ್ರಿ. ಅನ್ನದಾಗ ನೂರಕ್ಕ 70ರ ಆಜುಬಾಜು ನೀರು. ಮುದ್ದಿಗೆ ಒಂದು ಪಾಲು ಹಿಟ್ಟಿಗೆ ಎರಡು ಪಾಲು ನೀರು ಹಾಕ್ತಾರ, ಅದೂ ಹತ್ತಿರ ಅಷ್ಟ. ಚಪಾತಿ ಮೂರನೇ ಒಂದು ಪಾಲು. ಕಟಕ್ ರೊಟ್ಟಿ ಒಣಾ ಒಣಾ, ನೀರು ಇಲ್ಲ ಅಂದ್ರೂ ನಡೀತದ. ಸಾರು, ಮಜ್ಜಿಗಿ, ಕಲ್ಲಂಗಡಿ, ಸೌತಿಕಾಯಿ ಎಲ್ಲಾ 90ರ ಮ್ಯಾಲ. ಬಾಳೆಹಣ್ಣು 75.

ಮುದ್ದಿ 300 ಗ್ರಾಂ, ಸಾರು 250, ಮಜ್ಜಿಗಿ 200 ಹಿಡದ್ರ ಒಂದ ಊಟಕ್ಕ 600 ಮಿಲಿ ದಾಟ್ತದ. ಕಟಕ್ ರೊಟ್ಟಿ ಎರಡು, ಚಟ್ನಿಪುಡಿ, ಉಳ್ಳಾಗಡ್ಡಿ ತಿಂದಾಂವಗ 100 ಮಿಲಿನೂ ಆಗಂಗಿಲ್ಲ. ಅದರ ಮ್ಯಾಲ ಚಟ್ನಿಪುಡಿ ಉಪ್ಪು ನೀರು ಕೇಳ್ತದ. ರೊಟ್ಟಿ ಕಟಗೊಂಡು ಸೈಟಿಗೆ ಹೋಗಾವ್ರು ದಿನಕ್ಕ ಅರ್ಧದಿಂದ ಒಂದು ಲೀಟರ್ ಹೆಚ್ಚಿಗಿ ಹಿಡೀಬೇಕು, ಇಲ್ಲಾ ಗಂಟಿನಾಗ ಒಂದು ಡಬ್ಬಿ ಮಜ್ಜಿಗಿ ಇರಬೇಕು.

#8 ಆಹಾರತಜ್ಞೆ_ಹುಬ್ಬಳ್ಳಿ

@ಗಿರಣಿ_ಓಣಿ ಇದು ಯಾವ ಆ್ಯಪ್‌ನಲ್ಲೂ ಇಲ್ಲದ ಮಾತು. ಸಾರು-ಮಜ್ಜಿಗೆಯನ್ನು ಪಾನೀಯದ ಖಾತೆಗೆ ಹಾಕುವುದೋ ಊಟದ ಖಾತೆಗೋ ಮೊದಲೇ ಗೊತ್ತುಮಾಡಿಕೊಳ್ಳಿ, ಎರಡೂ ಕಡೆ ಎಣಿಸಿದರೆ ತಪ್ಪುತ್ತೆ.

ಚಹಾ-ಕಾಫಿ ನೀರಿನ ಲೆಕ್ಕಕ್ಕೆ ಬರುತ್ತಾ ಅಂತ ಮುಂದೆ ಯಾರೋ ಕೇಳೇ ಕೇಳ್ತಾರೆ. ಬರುತ್ತೆ. ದಿನವೂ ಕುಡಿಯುವವರಲ್ಲಿ ಮೂತ್ರ ಹೆಚ್ಚಿಸುವ ಪರಿಣಾಮ ಅಲ್ಪ. 2014ರಲ್ಲಿ ಕಾಫಿ ಅಭ್ಯಾಸವಿರುವ 50 ಗಂಡಸರಿಗೆ ಮೂರು ದಿನ ಕಾಫಿ, ಮೂರು ದಿನ ನೀರು ಕೊಟ್ಟು ನೋಡಿದಾಗ ದೇಹದ ನೀರಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಾಲು ನೀರಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ನಿಲ್ಲುತ್ತೆ. ಮದ್ಯ ಲೆಕ್ಕಕ್ಕಿಲ್ಲ.

#9 ಅಳತೆ_ಪಾತ್ರೆ

"8 ಲೋಟ" ಅನ್ನುವ ಮುಂಚೆ ಲೋಟ ಎಷ್ಟರದು? ಕಾಫಿ ಲೋಟ 100-150 ಮಿಲಿ, ಊಟದ ಸ್ಟೀಲ್ ಲೋಟ 200-300, ತಂಬಿಗೆ ಅರ್ಧ ಲೀಟರಿನಿಂದ ಒಂದು ಲೀಟರ್. ಎಂಟು ಕಾಫಿ ಲೋಟ ಕುಡಿದು 2 ಲೀಟರ್ ಆಯ್ತು ಅನ್ನುವವರು ಕುಡಿದದ್ದು ಒಂದು ಲೀಟರ್ ಚಿಲ್ಲರೆ.

ಅಡುಗೆಮನೆಯ ತಕ್ಕಡಿ ಮೇಲೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ನೀವು ದಿನಾ ತುಂಬುವಷ್ಟೇ ತುಂಬಿ. ಕಂಠದವರೆಗೆ ಯಾರೂ ತುಂಬಲ್ಲ. 1 ಗ್ರಾಂ ಅಂದರೆ 1 ಮಿಲಿ. ತಕ್ಕಡಿ ಇಲ್ಲದಿದ್ದರೆ 1 ಲೀಟರ್ ಬಾಟಲಿಯಿಂದ ಎಷ್ಟು ಲೋಟ ಆಗುತ್ತೆ ಎಣಿಸಿ. ಅಂಕಿಯನ್ನು ಮಾರ್ಕರಿನಿಂದ ಲೋಟದ ತಳಕ್ಕೆ ಬರೆದುಬಿಡಿ.

ಎತ್ತಿ ಕುಡಿಯುವವರು ಚೆಲ್ಲುವುದನ್ನೂ ಕಳೆಯಿರಿ 🙂. ಆಮೇಲೆ ತಾಮ್ರದ ಚೊಂಬಿನವರಿಗೆ ಒಂದು ಮಾತು: ನೀರಿಗೆ ಅಡ್ಡಿಯಿಲ್ಲ, ನಿಂಬೆರಸ, ಮಜ್ಜಿಗೆ ಅದರಲ್ಲಿ ಇಡಬೇಡಿ. ಹುಳಿಗೆ ತಾಮ್ರ ಬಿಡುತ್ತೆ, ವಾಂತಿ ಆಗುತ್ತೆ.

#10 ನೆಫ್ರೋ_ನರ್ಸ್

ಒಳಗೆ ಹೋದದ್ದನ್ನು ಎಣಿಸುವುದಕ್ಕಿಂತ ಹೊರಗೆ ಬಂದದ್ದನ್ನು ಒಂದು ಸಲ ಅಳೆಯುವುದು ಮೇಲು. 24 ತಾಸಿನ ಮೂತ್ರ ಅಳೆಯುವ ಕ್ರಮ: ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಚೆಲ್ಲಿ, ಗಂಟೆ ಬರೆದಿಡಿ. ಅಲ್ಲಿಂದ ಪ್ರತಿ ಸಲದ್ದೂ ಅಳತೆಯ ಮಗ್ಗಿಗೆ ಹಿಡಿದು ಬರೆದುಕೊಳ್ಳಿ. ಮರುದಿನ ಅದೇ ಗಂಟೆಗೆ ಬಂದ ಮೊದಲ ಮೂತ್ರ ಲೆಕ್ಕಕ್ಕೆ ಸೇರಬೇಕು. ಸಾಮಾನ್ಯವಾಗಿ ಆಗುವ ತಪ್ಪು ಎರಡು: ಮೊದಲ ದಿನದ ಮೊದಲನೆಯದನ್ನೂ ಸೇರಿಸುವುದು, ಮಲವಿಸರ್ಜನೆಗೆ ಹೋದಾಗಿನದನ್ನು ಬಿಡುವುದು.

ಒಟ್ಟು 1.5 ಲೀಟರ್ ಸುತ್ತಮುತ್ತ ಬಂದರೆ ಹೆಚ್ಚಿನವರಿಗೆ ಚೆನ್ನಾಗಿದೆ. ಕಿಡ್ನಿ ಎಷ್ಟೇ ಗಟ್ಟಿ ಮಾಡಿದರೂ ದಿನದ ಕಸ ಹೊರಹಾಕಲು ಕನಿಷ್ಠ ಅರ್ಧ ಲೀಟರ್ ಬೇಕೇ ಬೇಕು. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ. 3 ಲೀಟರ್ ದಾಟಿದ್ದರೆ, ಅದೂ ರಾತ್ರಿ ಎದ್ದೆದ್ದು ಕುಡಿಯುವಂತಾಗಿದ್ದರೆ, ನೀರು ಜಾಸ್ತಿ ಕುಡಿಯುವ ಒಳ್ಳೆ ಅಭ್ಯಾಸ ಎಂದುಕೊಳ್ಳದೆ ಸಕ್ಕರೆ ಪರೀಕ್ಷೆ ಮಾಡಿಸಿ.

ಕಲ್ಲು ಬಂದುಹೋದವರಿಗೆ ಗುರಿ ಬೇರೆ: ದಿನಕ್ಕೆ 2.5 ಲೀಟರ್ ಮೂತ್ರ. ಕುಡಿಯುವುದಲ್ಲ, ಮೂತ್ರ. ಇಟಲಿಯಲ್ಲಿ ಮೊದಲ ಸಲ ಕಲ್ಲಾದವರನ್ನು ಐದು ವರ್ಷ ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಹೆಚ್ಚಿಸಿದವರಲ್ಲಿ 12% ಜನಕ್ಕೆ ಕಲ್ಲು ಮರುಕಳಿಸಿತು, ಹೆಚ್ಚಿಸದವರಲ್ಲಿ 27% ಜನಕ್ಕೆ. ಕಲಬುರಗಿ, ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ 2.5 ಲೀಟರ್ ಮೂತ್ರ ಬರಬೇಕಾದರೆ ಮನೆಯೊಳಗಿದ್ದರೂ ಮೂರೂವರೆ ನಾಲ್ಕು ಲೀಟರ್ ಬೇಕಾಗಬಹುದು. ಮಲಗುವ ಮುಂಚೆ ಒಂದು ಲೋಟ ಇರಲಿ, ಮೂತ್ರ ಅತಿ ಗಟ್ಟಿಯಾಗುವುದು ರಾತ್ರಿಯೇ.

#11 ಬಣ್ಣದ_ಚಾರ್ಟ್

ದಿನಾ ಅಳೆಯೋಕಾಗಲ್ಲ, ಆಗ ಬಣ್ಣ. ನಿಂಬೆ ಪಾನಕದ ತಿಳಿ ಹಳದಿ ಇದ್ದರೆ ಸರಿ, ಸೇಬಿನ ರಸದ ಬಣ್ಣಕ್ಕೆ ತಿರುಗಿದರೆ ಕಮ್ಮಿ. ಪೂರ್ತಿ ನೀರಿನ ಹಾಗೆ ದಿನವಿಡೀ ಇರಬೇಕು ಅಂತೇನಿಲ್ಲ, ಅದು ಅಗತ್ಯಕ್ಕಿಂತ ಹೆಚ್ಚು ಕುಡಿದ ಲಕ್ಷಣ.

ಮೋಸ ಹೋಗೋ ಜಾಗಗಳು: ಬೆಳಗಿನ ಮೊದಲ ಮೂತ್ರ ಯಾರಿಗಾದರೂ ಗಾಢವೇ. ಬಿ-ಕಾಂಪ್ಲೆಕ್ಸ್ ನುಂಗಿದರೆ ಎಷ್ಟು ಕುಡಿದರೂ ಹೊಳೆಯೋ ಹಳದಿ. ಬೀಟ್‌ರೂಟ್ ತಿಂದ ಮರುದಿನ ಕೆಂಪು. ರಿಫಾಂಪಿಸಿನ್ ತಗೊಳ್ಳೋ ಟಿಬಿ ರೋಗಿಗಳಿಗೆ ಕಿತ್ತಳೆ. ಒಂದೇ ಸಲ ಒಂದು ಲೀಟರ್ ಕುಡಿದ ಅರ್ಧ ತಾಸು ಒಂದು ತಾಸಿಗೆ ತಿಳಿಯಾಗಿ ಬರುತ್ತೆ, ಆದರೆ ಮೈಯ ಕೊರತೆ ತುಂಬಿರಲ್ಲ. ಕಮೋಡಿನ ನೀರಲ್ಲಿ ಬೆರೆತ ಬಣ್ಣ ನೋಡಿ ತೀರ್ಮಾನಿಸೋದೂ ತಪ್ಪು.

ಮೂರನ್ನು ಜೊತೆಗಿಟ್ಟು ನೋಡಿ: ಬೆಳಗಿನ ತೂಕ ಮಾಮೂಲಿಗಿಂತ 1% ಇಳಿದಿದೆಯಾ, ಮೂತ್ರ ಗಾಢವಾ, ಬಾಯಾರಿಕೆ ಇದೆಯಾ. ಒಂದಿದ್ದರೆ ಹೇಳೋಕಾಗಲ್ಲ, ಎರಡಿದ್ದರೆ ಬಹುಶಃ ಕೊರತೆ, ಮೂರೂ ಇದ್ದರೆ ಖಚಿತ ಅಂತ ಹಿಡಿಯಿರಿ. 72 ಕೆಜಿಯವರಿಗೆ 1% ಅಂದರೆ 700 ಗ್ರಾಂ.

#12 ತಾಯಿಮಗು_ವಾರ್ಡ್

ಕೂಸಿನ ಉತ್ತರ ಚಿಕ್ಕದು: ಸೊನ್ನೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಒಂದು ಚಮಚ ನೀರೂ ಬೇಡ, ರಾಯಚೂರಿನ ಮೇ ತಿಂಗಳಲ್ಲೂ ಬೇಡ. ಎದೆಹಾಲಿನಲ್ಲಿ 87% ನೀರೇ ಇದೆ. ಬಿಸಿಲು ಜಾಸ್ತಿಯಾದರೆ ಕೂಸೇ ಹೆಚ್ಚು ಸಲ ಹಾಲಿಗೆ ಬರುತ್ತೆ, ಕೊಡಿ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ಅದರಲ್ಲೇ ತುಂಬಿ ಹಾಲು ಕಮ್ಮಿಯಾಗುತ್ತೆ, ಸೋಂಕಿನ ದಾರಿ ತೆರೆಯುತ್ತೆ, ಎಳೆಯ ಕಿಡ್ನಿ ಹೆಚ್ಚಿನ ನೀರನ್ನು ಹೊರಹಾಕಲಾರದೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಡಬ್ಬಿ ಹಾಲಿಗೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿ ಉಳಿತಾಯ ಮಾಡುವುದರಲ್ಲೂ ಇದೇ ಅಪಾಯ. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡಿದರೆ ಕೂಸಿಗೆ ನೀರು ಸಾಕಾಗಿದೆ.

ಬಾಣಂತಿಯ ವಿಷಯದಲ್ಲಿ ನಮ್ಮ ಕಡೆ ಉಲ್ಟಾ ನಡೆಯುತ್ತೆ. "ನೀರು ಕುಡಿದರೆ ಹೊಟ್ಟೆ ಬರುತ್ತೆ, ಶೀತವಾಗುತ್ತೆ" ಅಂತ ಲೋಟ ಲೆಕ್ಕ ಹಾಕಿ ಕೊಡುವ ಮನೆಗಳು ಈಗಲೂ ಇವೆ. ಹಾಲಿನಲ್ಲೇ ದಿನಕ್ಕೆ ಮುಕ್ಕಾಲು ಲೀಟರ್ ಹೊರಗೆ ಹೋಗುತ್ತಿರುತ್ತೆ. ಯುರೋಪಿನ ಅಂಕಿಯಲ್ಲೂ ಹಾಲೂಡಿಸುವವರಿಗೆ 700 ಮಿಲಿ ಹೆಚ್ಚುವರಿ ಇದೆ, ಬಸುರಿಯರಿಗೆ 300. ನೀರು ಬಿಗಿಹಿಡಿದರೆ ಮಲಬದ್ಧತೆ, ಹೊಲಿಗೆ ಹಾಕಿದ ಜಾಗದ ನೋವು, ಉರಿಮೂತ್ರ ಒಂದರ ಹಿಂದೆ ಒಂದು ಬರುತ್ತವೆ. ಬಿಸಿನೀರೇ ಕುಡಿಯಬೇಕೆಂದರೆ ಕುಡಿಯಲಿ, ಅದಕ್ಕೆ ತಕರಾರಿಲ್ಲ, ಪ್ರಮಾಣ ಕಡಿಯಬೇಡಿ. ಹಾಗಂತ ಮೂರು ನಾಲ್ಕು ಲೀಟರ್ ಒತ್ತಾಯದಿಂದ ಕುಡಿದರೆ ಹಾಲು ಹೆಚ್ಚಾಗುವುದೂ ಇಲ್ಲ. ಹಾಲು ಹೆಚ್ಚುವುದು ಕೂಸು ಚೀಪಿದಷ್ಟೂ.

ಉರಿಮೂತ್ರಕ್ಕೆ: 2018ರ ಒಂದು ಅಧ್ಯಯನದಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಕಮ್ಮಿ ಕುಡಿಯುತ್ತಿದ್ದ, ಸೋಂಕು ಮರುಕಳಿಸುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ಇನ್ನೂ ಒಂದೂವರೆ ಲೀಟರ್ ಸೇರಿಸಿದರು. ಆ ವರ್ಷದಲ್ಲಿ ಸೋಂಕು ಸೇರಿಸದವರಿಗೆ ಸರಾಸರಿ 3.2 ಸಲ ಬಂತು, ಸೇರಿಸಿದವರಿಗೆ 1.7 ಸಲ. ಈ ತಾಯಿಗೆ 2.5-3 ಲೀಟರ್ ಇಟ್ಟುಕೊಳ್ಳಿ. ಪ್ರತಿ ಸಲ ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ 250 ಮಿಲಿ ಲೋಟ ಇರಲಿ, ದಿನಕ್ಕೆ ಎಂಟು ಸಲವಾದರೆ ಅಲ್ಲೇ 2 ಲೀಟರ್ ಆಯ್ತು. ಜ್ವರ, ಸೊಂಟದ ಮೇಲ್ಭಾಗದ ನೋವು ಬಂದರೆ ನೀರು ಕುಡಿಯುತ್ತಾ ಕಾಯಬೇಡಿ, ಮೂತ್ರ ಪರೀಕ್ಷೆಗೆ ಹೋಗಿ.

#13 ನೆಫ್ರೋ_ನರ್ಸ್

ಅಜ್ಜಿಗೆ. ಯುರೋಪಿನ ಪೌಷ್ಟಿಕ ವೈದ್ಯರ ಸಂಘ ವಯಸ್ಸಾದ ಹೆಂಗಸರಿಗೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಅನ್ನುತ್ತೆ, ವೈದ್ಯರು ಮಿತಿ ಹೇಳಿಲ್ಲದಿದ್ದರೆ. ಅಜ್ಜಿಗೆ 1.6ರಿಂದ 1.8 ಸರಿ. ಬಾಯಾರಿಕೆಯನ್ನು ನಂಬದೆ ಗಂಟೆಗೆ ಕಟ್ಟಿ: ಎದ್ದಾಗ 200, ತಿಂಡಿಗೆ ಚಹಾ 150, ಮಾತ್ರೆಯ ಜೊತೆ 200 (ಒಂದು ಗುಟುಕಲ್ಲ), ಹನ್ನೊಂದಕ್ಕೆ ಮಜ್ಜಿಗೆ 200, ಊಟಕ್ಕೆ 250, ನಾಲ್ಕಕ್ಕೆ ಚಹಾ ಮತ್ತು ನೀರು 300, ಏಳರೊಳಗೆ 300. ಮಲಗುವ ಎರಡು ತಾಸು ಮುಂಚೆ ನಿಲ್ಲಿಸಿದರೆ ರಾತ್ರಿ ಬಚ್ಚಲಿಗೆ ಎದ್ದು ಬೀಳುವುದು ತಪ್ಪುತ್ತೆ.

ನೀರಿಳಿಸುವ ಮಾತ್ರೆಯ ಹೆಸರು ನೋಡಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಇದ್ದರೆ ಮೂತ್ರದಲ್ಲಿ ಸೋಡಿಯಂ ಹೋಗುತ್ತಿರುತ್ತೆ. ಮೇಲೆ ಸಪ್ಪೆ ಊಟ, ಅದರ ಮೇಲೆ ಮೂರು ಲೀಟರ್ ನೀರು ಸೇರಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಜಾರುತ್ತೆ. ಮನೆಯವರಿಗೆ ಕಾಣುವುದು ಇಷ್ಟು: ಮಂಕು, ನಡಿಗೆಯಲ್ಲಿ ತೂರಾಟ, ಮಾತು ಅಡ್ಡಾದಿಡ್ಡಿ, ವಾಕರಿಕೆ. "ನೀರು ಕಮ್ಮಿಯಾಗಿದೆ" ಅಂತ ಇನ್ನಷ್ಟು ಕುಡಿಸಿದರೆ ಕೆಲಸ ಕೆಡುತ್ತೆ. ಸೋಡಿಯಂ ಪರೀಕ್ಷೆ ಸಣ್ಣ ಲ್ಯಾಬಿನಲ್ಲೂ ಆಗುತ್ತೆ. ವಾಂತಿ-ಭೇದಿ ಶುರುವಾದ ದಿನ ಆ ಮಾತ್ರೆ ಮುಂದುವರಿಸಬೇಕಾ ಅಂತ ವೈದ್ಯರಿಗೆ ಅವತ್ತೇ ಫೋನ್ ಮಾಡಿ.

ಹೃದಯದ ಪಂಪಿಂಗ್ ಕಮ್ಮಿ ಇರುವವರು, ಲಿವರ್ ಸಿರೋಸಿಸ್‌ನವರು, ಡಯಾಲಿಸಿಸ್‌ನವರು ಈ ಚರ್ಚೆಯ ಯಾವ ಅಂಕಿಯನ್ನೂ ಎತ್ತಿಕೊಳ್ಳಬಾರದು. ಡಯಾಲಿಸಿಸ್‌ನಲ್ಲಿ ಮಾಮೂಲಿ ಮಿತಿ ಹಿಂದಿನ ದಿನದ ಮೂತ್ರದ ಪ್ರಮಾಣ ಮತ್ತು ಅದರ ಮೇಲೆ ಅರ್ಧ ಲೀಟರ್ ಹತ್ತಿರ, ಸಾರು-ಚಹಾ-ಐಸ್ ಎಲ್ಲ ಸೇರಿ. ಅವರಿಗೆ ನೀರು ಕಡಿಯುವ ಮುಂಚೆ ಉಪ್ಪು ಕಡಿಯಬೇಕು, ಉಪ್ಪಿನಕಾಯಿ ತಿಂದು ನೀರು ಕುಡಿಯಬೇಡ ಅಂದರೆ ಯಾರಿಂದಲೂ ಆಗಲ್ಲ.

#14 ಕೆರೆ_ಏರಿ

ಹೆಚ್ಚು ಕುಡಿದು ಸಾಯೋದು ಅಜ್ಜಿಯರಿಗೆ ಮಾತ್ರ ಅಂದುಕೋಬೇಡಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ನೋಡಿದಾಗ 13% ಜನಕ್ಕೆ ಸೋಡಿಯಂ ಇಳಿದಿತ್ತು, ಮೂವರಿಗೆ 120ಕ್ಕೂ ಕೆಳಗೆ. ಓಟದ ನಂತರ ತೂಕ ಏರಿದವರಲ್ಲೇ ಅದು ಹೆಚ್ಚು ಕಂಡದ್ದು. ಓಡಿ ಬಂದ ಮೇಲೆ ತೂಕ ಹೆಚ್ಚಾಗಿದೆ ಅಂದರೆ ಬೆವರಿಗಿಂತ ಹೆಚ್ಚು ಕುಡಿದಿದ್ದೀರಿ ಅಂತ. ಆರೋಗ್ಯವಂತ ಕಿಡ್ನಿ ತಾಸಿಗೆ ಹೊರಹಾಕೋದು ಹೆಚ್ಚೆಂದರೆ 800 ಮಿಲಿಯಿಂದ 1 ಲೀಟರ್. ಬೆಳಗ್ಗೆ ಖಾಲಿ ಹೊಟ್ಟೆಗೆ ಅರ್ಧ ತಾಸಿನಲ್ಲಿ ಎರಡು ಲೀಟರ್ "ಶುದ್ಧೀಕರಣ" ಮಾಡೋ ಪಂಥದವರು ಇದನ್ನು ಓದಲಿ.

#15 ಬೋರ್‌ವೆಲ್_ಪಾವಗಡ

ಎಲ್ಲರೂ ಎಷ್ಟು ಅಂತ ಹೇಳಿದಿರಿ, ಯಾವ ನೀರು ಅಂತ ಯಾರೂ ಕೇಳಲಿಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸುವಂಥದ್ದು. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಈಗ ಗುಣಿಸಿ: 1.5 ಇರುವ ನೀರನ್ನು 2 ಲೀಟರ್ ಕುಡಿದವರಿಗೆ 3 ಮಿಲಿಗ್ರಾಂ, ಮೇಸ್ತ್ರಿ 6 ಲೀಟರ್ ಕುಡಿದರೆ 9 ಮಿಲಿಗ್ರಾಂ. ಮಿತಿಯೊಳಗಿನ ನೀರೇ ಆದರೂ ಮೂರು ಪಟ್ಟು. ನೀರು ಹೆಚ್ಚಿಸಿ ಅನ್ನುವ ಸಲಹೆ ನಮ್ಮ ಕಡೆ ಪರೀಕ್ಷೆಯ ವರದಿ ಇಲ್ಲದೆ ಕೊಡಬಾರದು. ರಾಯಚೂರು-ಯಾದಗಿರಿಯ ಕೆಲವು ಊರುಗಳಲ್ಲಿ ಆರ್ಸೆನಿಕ್ ಕೂಡ ಇದೆ.

ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಸ್ವಲ್ಪ ಗಟ್ಟಿಯೇ ಆಗುತ್ತೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗಲ್ಲ. ಆರ್‌ಓ ತೆಗೆಯುತ್ತೆ, ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಚೆನ್ನಾಗಿರುವವರೆಗೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುವವರು ಒಳಗೆ ಹೋಗುವ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಅಳತೆ), ಹೊರಬರುವ ನೀರಿನ ಟಿಡಿಎಸ್ ಎರಡೂ ಕೇಳಿ. 1200 ಹೋಗಿ 100 ಬರುತ್ತಿದ್ದದ್ದು ಈಗ 500 ಬರುತ್ತಿದೆ ಅಂದರೆ ಮೆಂಬ್ರೇನ್ ಕೈಕೊಟ್ಟಿದೆ. ಟಿಡಿಎಸ್ ಮೀಟರ್ ಫ್ಲೋರೈಡನ್ನೇ ನೇರವಾಗಿ ಅಳೆಯಲ್ಲ, ಘಟಕ ಕೆಲಸ ಮಾಡ್ತಿದೆಯಾ ಅನ್ನೋದಕ್ಕೆ ಸುಳಿವು ಅಷ್ಟೇ. ಫ್ಲೋರೈಡಿಗೆ ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್ ಅಥವಾ ಕುಡಿಯುವ ನೀರಿನ ಲ್ಯಾಬು. ಮಾದರಿ ಕೊಡಲು ಪ್ಲಾಸ್ಟಿಕ್ ಬಾಟಲಿ ತಗೊಂಡು, ಅದೇ ನೀರಲ್ಲಿ ಮೂರು ಸಲ ಜಾಲಿಸಿ, ಮೋಟಾರು ಐದು ನಿಮಿಷ ಓಡಿದ ಮೇಲೆ ಹಿಡಿಯಿರಿ.

ಅಡುಗೆಗೂ ಆ ನೀರೇ ಹೋಗುತ್ತೆ ಅನ್ನೋದು ಮರೆಯಬೇಡಿ. #7ರಲ್ಲಿ ಹೇಳಿದ ಮುದ್ದೆ-ಸಾರಿನ ನೀರೂ ಕ್ಯಾನಿನದೇ ಆಗಬೇಕು.

#16 ಎಡದಂಡೆ_ಕಾಲುವೆ

ಅಂದರೆ ಕೆಲಸದ ದಿನಕ್ಕೆ ಕ್ಯಾನಿನಿಂದ: ಮೇಸ್ತ್ರಿಗೆ 6, ತಾಯಿಗೆ 2.5-3, ಅಜ್ಜಿಗೆ 1.6-1.8, ಕೂಸಿಗೆ ಸೊನ್ನೆ, ಅಡುಗೆಗೆ ಬೇರೆ. 20 ಲೀಟರಿನ ಕ್ಯಾನು ಒಂದೂವರೆ ದಿನಕ್ಕೂ ಬರೋದು ಕಷ್ಟ. ಮೇಸ್ತ್ರಿಗೆ ಸೈಟಿನಲ್ಲಿ ಓಆರ್‌ಎಸ್ ಪ್ಯಾಕೆಟ್ ಕೊಡಬಹುದಾ? ಅಂಗಡಿಯಲ್ಲಿ ಟೆಟ್ರಾ ಪ್ಯಾಕಿನಲ್ಲೂ ಸಿಗುತ್ತೆ.

#17 ಸೈಟ್_ಸೇಫ್ಟಿ

ಬೆವರು ಜೋರಿದ್ದ ದಿನ ಒಂದು ಲೀಟರ್ ಕೊಡಬಹುದು, ಬಿಪಿ ಇದ್ದರೆ ಬೇಡ. ದಿನಾ ಬೇಕಿಲ್ಲ, ಮಜ್ಜಿಗೆ ಸಾಕು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಇದೆಯಾ ನೋಡಿ: ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. ಅವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶವನ್ನೇ ಹೊರಡಿಸಿದೆ.

#18 ತಾಯಿಮಗು_ವಾರ್ಡ್

ಒಂದು ಸೇರಿಸ್ತೀನಿ. ದೊಡ್ಡ ಪ್ಯಾಕೆಟ್ 1 ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕುಡಿಸುವುದು ಬೇಡ: ಪುಡಿಯಲ್ಲಿ ಉಪ್ಪು-ಸಕ್ಕರೆ ಸಮವಾಗಿ ಬೆರೆತಿರಲ್ಲ, ಒಂದು ಲೋಟ ಅತಿ ಉಪ್ಪು, ಇನ್ನೊಂದು ಸಪ್ಪೆ. ಪೂರ್ತಿ ಪ್ಯಾಕೆಟ್, ಪೂರ್ತಿ ಲೀಟರ್, 24 ತಾಸಿನ ಮೇಲೆ ಉಳಿದದ್ದು ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಸಪಾಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ.